ಮೈಸೂರಿನ ಜಾವಾ ಮೋಟಾರು ಸೈಕಲ್ಲು: ಅದರ ಮನೆಯ ದುರಸ್ತಿಯೂ ದುರಸ್ತಿಯ ಮಾತೂ

೧. ವಿಷಯಪ್ರವೇಶ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಒಂದು ಅಭಿಪ್ರಾಯವು ಸುಪರಿಚಿತವಾದುದು. ದಾನಮಾಡುವುದು, ಮಾಡಿದ ದಾನವನ್ನು ಪಾಲಿಸಿಕೊಂಡು ಬರುವುದು, ಇವೆರಡರಲ್ಲಿ ಪಾಲನೆಯೇ ಮೇಲಾದುದೆಂಬುದು ಆ ಅಭಿಪ್ರಾಯ. ಕೆರೆಯನ್ನು ಕಟ್ಟಿಸಿದವರಿಗೆ ಸಲ್ಲುವ ಗೌರವವು ಅದರ ಹೂಳೆತ್ತಿಸಿದವರಿಗೂ ಏರಿಯನ್ನು ಭದ್ರಪಡಿಸಿದವರಿಗೂ ಸಲ್ಲುತ್ತಿದ್ದುದಕ್ಕೆ ಕೆರೆಗೊಡಗೆಯ ಶಾಸನಗಳೇ ಸಾಕ್ಷಿ. ಆದರೆ ಈ ಗೌರವವು ಊರಿನ ದೊಡ್ಡ ಕಟ್ಟಡಗಳಿಗೆ ಮಾತ್ರ ನಿಂತುಹೋಯಿತು. ನೇಗಿಲು, ಗಾಡಿ, ಏತ, ಗಾಣ ಮೊದಲಾದ ದಿನಬಳಕೆಯ ಸಾಧನಗಳು ಕೆಟ್ಟಾಗ ಅವನ್ನು ಯಾರು, ಯಾವ ಕ್ರಮದಿಂದ ಸರಿಪಡಿಸುತ್ತಿದ್ದರೆಂಬುದನ್ನು ಕಲ್ಲೂ ವಿವರವಾಗಿ ಹೇಳುವುದಿಲ್ಲ, ಓಲೆಯೂ ಹೇಳುವುದಿಲ್ಲ. ಬಲ್ಲವರು ಬರೆಯಲಿಲ್ಲ, ಬರೆಯಬಲ್ಲವರು ಅದನ್ನು ಬರೆಯತಕ್ಕ ವಿಷಯವೆಂದು ಎಣಿಸಲಿಲ್ಲ.

ಹಳೆಯ ಕಾಲದ ಈ ಕೊರತೆಯನ್ನು ಈಗ ತುಂಬುವುದು ಕಷ್ಟಸಾಧ್ಯ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಳ್ಳಿಯ ಅಂಗಳಕ್ಕೆ ಬಂದ ಯಂತ್ರಗಳ ವಿಷಯದಲ್ಲಾದರೋ ಕಾಲವು ಇನ್ನೂ ಮೀರಿಲ್ಲ. ಅಂಥ ಯಂತ್ರಗಳಲ್ಲಿ ಮೈಸೂರು ನಗರದಲ್ಲಿಯೇ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳು ಮುಖ್ಯವಾದುವು. ಅವನ್ನು ತಯಾರಿಸುತ್ತಿದ್ದ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ಕಾಲು ಶತಮಾನಕ್ಕೂ ಹೆಚ್ಚಾಗಿ ಕಳೆದ ಮೇಲೂ ಆ ಗಾಡಿಗಳು ಹಲವು ಮನೆಗಳಲ್ಲಿ ಓಡುತ್ತಲೇ ಇವೆ. ಹುಟ್ಟಿಸಿದ ಕಾರ್ಖಾನೆ ಇಲ್ಲವಾದ ಮೇಲೂ ಯಂತ್ರವು ಬದುಕಿ ಉಳಿದುದು ಹೇಗೆ, ಆ ಉಳಿವಿಗೆ ಕಾರಣವಾದ ತಿಳಿವಳಿಕೆಯು ಎಲ್ಲಿ ನೆಲೆಗೊಂಡಿದೆ ಎಂಬೆರಡು ಪ್ರಶ್ನೆಗಳು ಈ ಲೇಖನದ ವಿಷಯ. ವಿಚಾರವು ಗಾಳಿಯಲ್ಲಿ ನಿಲ್ಲದಂತೆ ಅದಕ್ಕೆ ನೆಲೆಯಾಗಿ ತೆರಕಣಾಂಬಿಯ ಸೀಮೆಯನ್ನು ಆರಿಸಿಕೊಳ್ಳಲಾಗಿದೆ.

೨. ತೆರಕಣಾಂಬಿಯ ಸೀಮೆ

ತೆರಕಣಾಂಬಿಯು ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ ಗ್ರಾಮ; ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿದೆ. ಇದಕ್ಕೆ ತ್ರಿಕದಂಬಪುರವೆಂಬ ಸಂಸ್ಕೃತ ರೂಪವೂ ಉಂಟು. ವಿಜಯನಗರದ ಅರಸರ ಕಾಲದಲ್ಲಿ ಇದು ಒಂದು ಸೀಮೆಯ ಮುಖ್ಯಸ್ಥಳವಾಗಿತ್ತು. ಉಮ್ಮತ್ತೂರಿನ ಒಡೆಯರ ಚರಿತ್ರೆಯಲ್ಲಿಯೂ ಇದರ ಹೆಸರು ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರಿಗೆ ಅಧೀನವಾದ ಮೇಲೆ ರಾಜಕೀಯದ ದೃಷ್ಟಿಯಿಂದ ಇದರ ಪ್ರಾಮುಖ್ಯ ಕುಗ್ಗಿತು. ಲಕ್ಷ್ಮೀವರದರಾಜಸ್ವಾಮಿಯ ದೇವಾಲಯವೂ ಇತರ ಹಳೆಯ ಗುಡಿಗಳೂ ಹಿಂದಿನ ಏಳಿಗೆಯನ್ನು ಈಗಲೂ ಸೂಚಿಸುತ್ತವೆ. ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ೧೮೯೮ರಲ್ಲಿ ಅಚ್ಚುಹಾಕಿಸಿದರು. ೧೯೯೭ರಲ್ಲಿ ಚಾಮರಾಜನಗರವು ಬೇರೆ ಜಿಲ್ಲೆಯಾಗುವ ವರೆಗೂ ಈ ಪ್ರದೇಶವು ಮೈಸೂರು ಜಿಲ್ಲೆಗೇ ಸೇರಿತ್ತು.

ಭೂಗೋಳದ ದೃಷ್ಟಿಯಿಂದ ಈ ಸೀಮೆಯು ಮೂರು ನಾಡುಗಳ ದಾರಿ ಕೂಡುವ ಎಡೆ. ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೆ ಹೋಗುತ್ತದೆ. ಇನ್ನೊಂದು ವೈನಾಡಿನ ಮೇಲೆ ಕೋಳಿಕ್ಕೋಡಿಗೆ ಇಳಿಯುತ್ತದೆ. ಮತ್ತೊಂದು ನಂಜನಗೂಡಿನ ಮೂಲಕ ಮೈಸೂರನ್ನು ಸೇರುತ್ತದೆ. ಬಾಳೆ, ಅರಿಸಿನ, ತರಕಾರಿಗಳನ್ನು ಬೆಳೆದು ಸಂತೆಗೂ ಮಾರುಕಟ್ಟೆಗೂ ಸಾಗಿಸಬೇಕಾದ ರೈತರಿಗೆ ವಾಹನವು ಭೋಗದ ವಸ್ತುವಲ್ಲ, ಬೇಸಾಯದ ಅಂಗ. ಮೋಟಾರು ಸೈಕಲ್ಲು ಬರುವುದಕ್ಕೆ ಮುಂಚೆ ಈ ಅಂಗವಾಗಿದ್ದುದು ಎತ್ತಿನ ಗಾಡಿ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಸಡಿಲವಾದ ಕೀಲನ್ನು ಬಿಗಿಮಾಡುವುದು, ಹರಿದ ಹಗ್ಗವನ್ನು ಬದಲಾಯಿಸುವುದು, ಇವು ಮನೆಯವರ ಕೆಲಸ. ಚಕ್ರಕ್ಕೆ ಕಬ್ಬಿಣದ ಪಟ್ಟೆ ಕಟ್ಟುವುದು ಕಮ್ಮಾರನ ಕೆಲಸ. ಮರದ ಕೆಲಸ ಬಡಗಿಯದು. ಯಾವುದು ಮನೆಯದು, ಯಾವುದು ಕುಲುಮೆಯದು ಎಂಬ ವಿಭಾಗವು ಹೀಗೆ ಮೊದಲೇ ಏರ್ಪಟ್ಟಿತ್ತು. ಮೋಟಾರು ಸೈಕಲ್ಲಿನ ದುರಸ್ತಿಯು ಈ ಹಳೆಯ ವಿಭಾಗದ ಮೇಲೆಯೇ ಬಂದು ಕೂತಿತೆಂಬುದನ್ನು ನೆನಪಿನಲ್ಲಿಡಬೇಕು.

೩. ಕಾರ್ಖಾನೆಯ ಸಂಗ್ರಹ ಚರಿತ್ರೆ

ಜಾವಾ ಎಂಬುದು ಮೂಲತಃ ಚೆಕೋಸ್ಲೊವಾಕಿಯ ದೇಶದ ಯಂತ್ರ. ೧೯೨೯ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು ಕೆಲಸವನ್ನು ಪ್ರಾರಂಭಿಸಿದರು. ಯಾನೆಚೆಕ್, ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ಪೂರ್ವದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರತಕ್ಕೆ ಈ ಗಾಡಿಗಳನ್ನು ಮೊದಲು ತರಿಸಿ ಮಾರುತ್ತಿದ್ದವರು ಮುಂಬಯಿಯ ಇರಾನಿ ಮನೆತನದವರು. ವಿದೇಶದ ವಾಹನಗಳನ್ನು ತರಿಸುವುದಕ್ಕೆ ೧೯೫೦ರ ದಶಕದಲ್ಲಿ ಸರಕಾರದ ನಿರ್ಬಂಧಗಳು ಬಂದಾಗ ಅವನ್ನು ಇಲ್ಲಿಯೇ ತಯಾರಿಸುವ ಯೋಚನೆ ಹುಟ್ಟಿತು. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಯಾದವಗಿರಿಯಲ್ಲಿದ್ದ ಅದರ ಕಾರ್ಖಾನೆಯನ್ನು ೧೯೬೧ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು.

ಮೊದಲು ಚೆಕ್ ಕಂಪೆನಿಯ ಒಪ್ಪಿಗೆಯಿಂದ ಜಾವಾ ಎಂಬ ಹೆಸರಿನಲ್ಲಿಯೇ ಗಾಡಿಗಳು ಹೊರಬಿದ್ದುವು. ೧೯೭೩ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ಈ ಹೆಸರಿನ ವ್ಯುತ್ಪತ್ತಿಯ ವಿಷಯದಲ್ಲಿ ಎರಡು ಪಕ್ಷಗಳಿವೆ. ಚೆಕ್ ಭಾಷೆಯಲ್ಲಿ ‘ಓಡುತ್ತದೆ, ಸವಾರಿಮಾಡುತ್ತಾನೆ’ ಎಂಬರ್ಥದ ‘ಯೆಜ್ಡೀ’ ಎಂಬ ಕ್ರಿಯಾಪದವೇ ಇದೆಂದು ಒಂದು ಪಕ್ಷ. ಪಾರಸಿಕರ ಮೂಲಸ್ಥಾನಗಳಲ್ಲೊಂದಾದ ಇರಾನಿನ ಯಜ್ದ್ ಪಟ್ಟಣದಿಂದ ಬಂದುದೆಂದು ಇನ್ನೊಂದು ಪಕ್ಷ. ೧೯೭೮ರಲ್ಲಿ ರೋಡ್‌ಕಿಂಗ್ ಎಂಬ ಮಾದರಿಯು ಬಂದಿತು. ೧೯೮೫ರ ಸುಮಾರಿಗೆ ಜಪಾನೀ ಕಂಪೆನಿಗಳ ಸಹಯೋಗದಿಂದ ತಯಾರಾದ ಹಗುರವಾದ, ಕಡಿಮೆ ಪೆಟ್ರೋಲಿನಲ್ಲಿ ಓಡುವ ೧೦೦ ಸಿ.ಸಿ. ಗಾಡಿಗಳು ಮಾರುಕಟ್ಟೆಗೆ ಬಂದುವು. ೧೯೯೧ರಿಂದ ವಾಹನದ ಹೊಗೆಗೆ ಮಿತಿಯನ್ನು ವಿಧಿಸುವ ನಿಯಮಗಳು ಜಾರಿಗೆ ಬಂದು, ೧೯೯೬ರಲ್ಲಿ ಇನ್ನೂ ಬಿಗಿಯಾದುವು. ಪೆಟ್ರೋಲಿನೊಡನೆ ಎಣ್ಣೆಯನ್ನು ಸುಡುವ ಹಳೆಯ ಯಂತ್ರಕ್ಕೆ ಇದು ಅನುಕೂಲವಾಗಲಿಲ್ಲ. ನಷ್ಟಕ್ಕೆ ಸಿಕ್ಕಿದ್ದ ಕಾರ್ಖಾನೆಯು ಅದೇ ವರ್ಷ ಮುಚ್ಚಿತು.

ಕಾರ್ಖಾನೆಯು ಮುಚ್ಚಿದರೆ ಅದರ ಯಂತ್ರಗಳು ಕೆಲವು ವರ್ಷಗಳಲ್ಲಿ ಗುಜರಿಗೆ ಸೇರುವುದು ಲೋಕದ ರೂಢಿ. ಹಾಗೆ ಆಗದಿದ್ದುದಕ್ಕೆ ಯಂತ್ರದ ಕಟ್ಟಡವೇ ಮೊದಲ ಕಾರಣ. ಮುಂದಿನ ಮೂರು ಪ್ರಕರಣಗಳಲ್ಲಿ ಬ್ರೇಕು, ಕಾರ್ಬ್ಯುರೇಟರು, ಎಂಜಿನ್ನುಗಳನ್ನು ಕ್ರಮವಾಗಿ ತೆಗೆದುಕೊಂಡು ಅವುಗಳ ಮನೆಯ ದುರಸ್ತಿಯ ಸ್ವರೂಪವನ್ನು ವಿಚಾರಿಸಲಾಗಿದೆ.

೪. ಬ್ರೇಕು

ಜಾವಾದ ಎರಡು ಚಕ್ರಗಳಲ್ಲಿಯೂ ಇರುವುದು ಡ್ರಮ್ಮು ಬ್ರೇಕು. ಚಕ್ರದ ನಡುವೆ ಟೊಳ್ಳಾದ ಲೋಹದ ಡ್ರಮ್ಮು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು. ಷೂಗಳ ಹೊರಮೈಗೆ ಲೈನರಿನ ಹೊದಿಕೆ. ಸವಾರನು ಹಿಡಿಯನ್ನು ಅದುಮಿದಾಗ ಅಥವಾ ಪೆಡಲನ್ನು ತುಳಿದಾಗ ಒಂದು ಕ್ಯಾಮು ತಿರುಗಿ ಷೂಗಳನ್ನು ಅಗಲಿಸುತ್ತದೆ. ಲೈನರು ತಿರುಗುತ್ತಿರುವ ಡ್ರಮ್ಮಿಗೆ ಉಜ್ಜಿ ಚಕ್ರವು ನಿಲ್ಲುತ್ತದೆ. ಅದುಮಿದುದನ್ನು ಬಿಟ್ಟೊಡನೆ ಸ್ಪ್ರಿಂಗುಗಳು ಷೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಇಷ್ಟೇ ಇದರ ತತ್ತ್ವ. ಚಕ್ರವನ್ನು ಕಳಚಬಲ್ಲವರು ಇದನ್ನೆಲ್ಲ ಕಣ್ಣಿನಿಂದಲೇ ನೋಡಬಹುದು.

ಲೈನರು ಸ್ವಲ್ಪ ಸವೆದಾಗ ಸರಿಹೊಂದಿಸುವ ನಟ್ಟನ್ನು ತಿರುಗಿಸಿ, ಷೂ ಡ್ರಮ್ಮಿಗೆ ತಾಗಿಯೂ ತಾಗದಂತೆ ನಿಲ್ಲಿಸಬೇಕು. ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿದಾಗ ಉಜ್ಜುವ ಸದ್ದು ಕೇಳದೆ ಸಲೀಸಾಗಿ ತಿರುಗಿದರೆ, ಹಿಡಿಯನ್ನು ಸ್ವಲ್ಪವೇ ಅದುಮಿದೊಡನೆ ನಿಂತರೆ, ಅಳತೆ ಸರಿಯಾಯಿತೆಂದು ಲೆಕ್ಕ. ಈ ಸರಿಹೊಂದಿಕೆಗೆ ಒಂದು ಕೊನೆಯುಂಟು. ನಟ್ಟನ್ನು ಬಿಗಿಮಾಡುತ್ತಾ ಹೋದಂತೆ ಕ್ಯಾಮಿನ ತೋಳು ತನ್ನ ನೇರಕೋನವನ್ನು ಮೀರಿ ತಿರುಗುತ್ತದೆ. ಆಗ ಎಷ್ಟು ಬಲವಾಗಿ ಎಳೆದರೂ ಹಿಡಿತವು ಕಡಿಮೆಯೇ. ತೋಳಿನ ಈ ನಿಲುವನ್ನು ನೋಡಿಯೇ ಲೈನರು ಮುಗಿಯಿತೆಂದು ನಿರ್ಣಯಿಸಬೇಕಲ್ಲದೆ ಇನ್ನೂ ಬಿಗಿಮಾಡುವುದರಿಂದ ಪ್ರಯೋಜನವಿಲ್ಲ. ಲೈನರಿನ ಮೈ ಗಾಜಿನಂತೆ ನುಣುಪಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ ಒರಟುಮಾಡುವುದುಂಟು. ಅಚ್ಚಿನ ಗ್ರೀಸು ಸೋರಿ ಲೈನರಿಗೆ ಹತ್ತಿದ್ದರೆ ಸೋರಿಕೆಯನ್ನು ಮೊದಲು ನಿಲ್ಲಿಸಿ, ಎಣ್ಣೆ ಕುಡಿದ ಲೈನರನ್ನು ಬದಲಾಯಿಸುವುದೇ ಸರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಆ ಕಾಲದ ಲೈನರುಗಳಲ್ಲಿ ಕಲ್ನಾರನ್ನು ಧಾರಾಳವಾಗಿ ಬಳಸುತ್ತಿದ್ದರು. ಅದರ ಧೂಳು ಪುಪ್ಪುಸವನ್ನು ಸೇರಿದರೆ ಅರ್ಬುದರೋಗಕ್ಕೆ ಕಾರಣವಾಗುವುದೆಂಬುದು ಈಗ ಸ್ಥಿರಪಟ್ಟಿದೆ. ಡ್ರಮ್ಮನ್ನು ತೆರೆದೊಡನೆ ಬಾಯಿಂದ ಊದಿ ಧೂಳನ್ನು ಹಾರಿಸುವ ಅಭ್ಯಾಸವು ಮನೆಯಲ್ಲಿಯೂ ಅಂಗಡಿಯಲ್ಲಿಯೂ ಬಹುಕಾಲ ನಡೆದುಬಂದಿತು. ಒದ್ದೆ ಬಟ್ಟೆಯಿಂದ ಒರಸುವುದು, ಉಜ್ಜುವಾಗಲೂ ಮೈಯನ್ನು ತೇವವಾಗಿಡುವುದು ಸುರಕ್ಷಿತವಾದ ಮಾರ್ಗ. ಪರಂಪರೆಯಿಂದ ಬಂದ ಕೈಕೆಲಸವೆಲ್ಲವೂ ನಿರ್ದೋಷವಾದುದೆಂದು ಭಾವಿಸತಕ್ಕದ್ದಲ್ಲವೆಂಬುದಕ್ಕೆ ಇದೊಂದು ನಿದರ್ಶನ.

೫. ಕಾರ್ಬ್ಯುರೇಟರು

ಬ್ರೇಕು ಕಣ್ಣಿಗೆ ಕಾಣುವ ಸಂಗತಿಯಾದರೆ ಕಾರ್ಬ್ಯುರೇಟರಿನ ಕೆಲಸವು ಕಾಣದ ಸಂಗತಿ. ಪೆಟ್ರೋಲನ್ನು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರಸಿ ಎಂಜಿನ್ನಿಗೆ ಒದಗಿಸುವುದು ಇದರ ಕಾರ್ಯ. ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು ೧೫ ಭಾಗ ಗಾಳಿ ಬೇಕಾಗುತ್ತದೆ. ಕಿರಿದಾದ ಕೊರಳಿನಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡವು ತಗ್ಗುತ್ತದೆ; ತಗ್ಗಿದ ಒತ್ತಡಕ್ಕೆ ಪೆಟ್ರೋಲು ಜೆಟ್ಟಿನ ಸಣ್ಣ ರಂಧ್ರದಿಂದ ಮೇಲೆದ್ದು ತುಂತುರಾಗಿ ಗಾಳಿಯನ್ನು ಸೇರುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಒಂದು ತೇಲುಬುರುಡೆಯು ಕಾಯುತ್ತದೆ: ಮಟ್ಟ ಏರಿದರೆ ಸೂಜಿಯು ದಾರಿಯನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಕೆರೆಯ ತೂಬನ್ನು ಬಲ್ಲ ರೈತನಿಗೆ ಇದನ್ನು ತಿಳಿಸಿಕೊಡುವುದು ಕಷ್ಟವಲ್ಲ.

ಜಾವಾಕ್ಕೆ ಚೆಕೋಸ್ಲೊವಾಕಿಯದ ಜಿಕೋವ್ ಎಂಬ ಮಾದರಿಯ ಕಾರ್ಬ್ಯುರೇಟರು ಇರುತ್ತಿತ್ತು. ಸಾಧಾರಣ ಪಾನ, ತಿರುಪುಳಿಗಳಿಂದ ಇದನ್ನು ಕಳಚಬಹುದು. ಟ್ಯಾಂಕಿನ ತುಕ್ಕು, ದಾರಿಯ ಧೂಳು, ಪೆಟ್ರೋಲಿನಲ್ಲಿ ಬೆರೆತ ನೀರು ಇವು ಜೆಟ್ಟಿಗೆ ಅಡ್ಡಬರುವ ಪದಾರ್ಥಗಳು. ಮಣ್ಣುದಾರಿಯ ಹಳ್ಳಿಗಳಲ್ಲಿ ಈ ತೊಂದರೆಯು ಮತ್ತೆ ಮತ್ತೆ ಬರುತ್ತದೆ. ಆಗ ಜೆಟ್ಟನ್ನು ತೆಗೆದು ಪೆಟ್ರೋಲಿನಲ್ಲಿ ತೊಳೆದು ಗಾಳಿ ಹಾಯಿಸುವುದು ಕ್ರಮ. ತಂತಿಯಿಂದ ಚುಚ್ಚುವುದು ನಿಷಿದ್ಧ. ಜೆಟ್ಟು ಮೃದುವಾದ ಹಿತ್ತಾಳೆಯದು. ಅದರ ರಂಧ್ರವು ಕೂದಲೆಳೆಯಷ್ಟು ಅಗಲವಾದರೂ ಮಿಶ್ರಣದ ಪ್ರಮಾಣ ಕೆಡುತ್ತದೆ. ಸರಿಪಡಿಸುವ ಆತುರದಲ್ಲಿ ಅಳತೆಯನ್ನೇ ಅಳಿಸಿಬಿಡುವ ಈ ತಪ್ಪು ಪ್ರತಿಪಾಠವನ್ನು ತಿದ್ದಹೋಗಿ ಮೂಲಪಾಠವನ್ನೇ ಕೆಡಿಸಿದ ಲಿಪಿಕಾರನ ತಪ್ಪಿಗೆ ಸಮಾನವಾದುದು. ತೇಲುಬುರುಡೆಯಲ್ಲಿ ತೂತಾಗಿ ಪೆಟ್ರೋಲು ಒಳಹೊಕ್ಕಿದೆಯೋ ಎಂಬುದನ್ನು ಕಿವಿಯ ಬಳಿ ಅಲುಗಾಡಿಸಿ ತಿಳಿಯುತ್ತಾರೆ.

ಮಿಶ್ರಣವು ಕಣ್ಣಿಗೆ ಕಾಣದಿದ್ದರೂ ಅದರ ಗುರುತು ಕಾಣುತ್ತದೆ. ಸ್ವಲ್ಪ ದೂರ ಓಡಿಸಿ, ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣವನ್ನು ನೋಡುವುದು ಇದರ ಪರೀಕ್ಷೆ. ತುದಿಯು ಕಪ್ಪಾಗಿ ಮಸಿಯಿಂದ ಕೂಡಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು. ಬಿಳುಪಾಗಿದ್ದರೆ ಗಾಳಿ ಹೆಚ್ಚು, ಎಂಜಿನ್ನು ಮಿತಿಮೀರಿ ಕಾಯುತ್ತಿದೆ. ತಿಳಿಗಂದು ಬಣ್ಣವಿದ್ದರೆ ಸರಿ. ನಾಲಗೆಯನ್ನು ನೋಡಿ ರೋಗವನ್ನು ಹೇಳುವ ವೈದ್ಯನ ಕ್ರಮವೂ ಇದೂ ಒಂದೇ ಜಾತಿಯವು. ಯಾವ ಉಪಕರಣವೂ ಇಲ್ಲದೆ ಮನೆಯಲ್ಲಿಯೇ ನಿಜವಾದ ಕಾರಣವನ್ನು ಹುಡುಕಬಹುದೆಂಬುದಕ್ಕೆ ಈ ಪರೀಕ್ಷೆಯೇ ಸಾಕಷ್ಟು ಪ್ರಮಾಣ.

೬. ಎಂಜಿನ್ನು

ಜಾವಾದ ಎಂಜಿನ್ನು ಒಂದೇ ಸಿಲಿಂಡರಿನದು. ಸಿಲಿಂಡರಿನ ಒಳವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನಿನ ಏರಿಳಿತ ೭೫ ಮಿಲಿಮೀಟರು. ಗಾತ್ರವು ಸುಮಾರು ೨೫೦ ಸಿ.ಸಿ. ಸಿಲಿಂಡರು ಒಂದಾದರೂ ಹೊಗೆಯ ಕೊಳವೆಗಳು ಎರಡು. ಇದು ಎರಡು ಹೊಡೆತದ ಎಂಜಿನ್ನು, ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಏರುತ್ತ ಇಳಿಯುತ್ತ ಮುಚ್ಚಿ ತೆರೆಯುತ್ತದೆ. ಆದುದರಿಂದ ಶಕ್ತಿಯನ್ನು ಹುಟ್ಟಿಸುವಲ್ಲಿ ಚಲಿಸುವ ಮುಖ್ಯ ಭಾಗಗಳು ಮೂರೇ ಮೂರು: ಪಿಸ್ಟನ್ನು, ಕನೆಕ್ಟಿಂಗ್ ರಾಡು, ಕ್ರ್ಯಾಂಕು. ಇವಕ್ಕೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರಸಿ ಹಾಕಬೇಕು. ಎಣ್ಣೆ ಕಡಮೆಯಾದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಮಸಿ ಕಟ್ಟುತ್ತದೆ.

ಮಸಿಯನ್ನು ತೆಗೆಯುವುದೇ ಮನೆಯಲ್ಲಿ ನಡೆಯುವ ಎಂಜಿನ್ನಿನ ಕೆಲಸಗಳಲ್ಲಿ ಮುಖ್ಯವಾದುದು. ಸಿಲಿಂಡರಿನ ತಲೆಯ ನಟ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ ತಲೆಯನ್ನು ಎತ್ತಿದರೆ ಪಿಸ್ಟನ್ನಿನ ನೆತ್ತಿ ಕಾಣುತ್ತದೆ. ಅಲ್ಲಿಯೂ, ತಲೆಯ ಒಳಮೈಯಲ್ಲಿಯೂ, ಹೊಗೆ ಹೋಗುವ ಕಿಂಡಿಯಲ್ಲಿಯೂ ಕಟ್ಟಿದ ಮಸಿಯನ್ನು ಮೊಂಡಾದ ಮರದ ಅಥವಾ ಬಿದಿರಿನ ಚಕ್ಕೆಯಿಂದ ಕೆರೆದು ತೆಗೆಯಬೇಕು. ಉಕ್ಕಿನ ಚೂಪಾದ ಸಾಧನವು ಅಲ್ಯುಮಿನಿಯಮ್ಮಿನ ಮೇಲೆ ಗೀರುಮಾಡುತ್ತದೆ. ಆ ಗೀರಿನಲ್ಲಿಯೇ ಮಸಿಯು ಬೇಗ ಮತ್ತೆ ಕಟ್ಟುತ್ತದೆ. ಸೈಲೆನ್ಸರಿನ ಒಳಗಿನ ತಡೆಗೊಳವೆಯನ್ನು ಹೊರಗೆಳೆದು ಬೆಂಕಿಯಲ್ಲಿ ಸುಟ್ಟು ಉದುರಿಸುವುದುಂಟು. ಈ ಕೆಲಸವಾದ ಮೇಲೆ, ಏರುದಾರಿಯಲ್ಲಿ ಏದುತ್ತಿದ್ದ ಗಾಡಿ ಮೊದಲಿನಂತೆ ಎಳೆಯುತ್ತದೆ. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳ ನಡುವಣ ಅಂತರವನ್ನು ಸುಮಾರು ೦.೪ ಮಿಲಿಮೀಟರಿಗೆ ಸರಿಪಡಿಸುವುದೂ, ಅವುಗಳ ಮುಖವನ್ನು ಶುಚಿಮಾಡುವುದೂ ಮನೆಯವರ ಕೈಗೆಟಕುವ ಕೆಲಸವೇ.

ಇನ್ನು ಮನೆಯ ಎಲ್ಲೆ. ಸಿಲಿಂಡರು ಸವೆದು ಅದನ್ನು ಮತ್ತೆ ಕೊರೆಯಿಸಬೇಕಾದಾಗ, ಕ್ರ್ಯಾಂಕಿನ ಬೇರಿಂಗು ಹೋದಾಗ, ಅಥವಾ ಕನೆಕ್ಟಿಂಗ್ ರಾಡನ್ನು ಬದಲಾಯಿಸಬೇಕಾದಾಗ ಲೇತು ಮತ್ತು ಪ್ರೆಸ್ಸು ಬೇಕು. ಒತ್ತಿ ಕೂಡಿಸಿದ ಕ್ರ್ಯಾಂಕನ್ನು ಸುತ್ತಿಗೆಯಿಂದ ಬಿಡಿಸಿದರೆ ಅದರ ನೇರವು ಮರಳಿ ಬಾರದು. ಎತ್ತಿನ ಗಾಡಿಯ ಕಾಲದಲ್ಲಿ ಕೀಲು ಬಿಗಿಮಾಡುವುದಕ್ಕೂ ಪಟ್ಟೆ ಕಟ್ಟುವುದಕ್ಕೂ ಇದ್ದ ವಿಭಾಗವು ಇಲ್ಲಿ ಬೇರೆ ರೂಪದಲ್ಲಿ ಕಾಣಿಸುತ್ತದೆ. ಕುಲುಮೆಯ ಸ್ಥಾನದಲ್ಲಿ ಲೇತಿನ ಅಂಗಡಿ ನಿಂತಿತು. ಮನೆಯ ಸ್ಥಾನ ಮಾತ್ರ ಬದಲಾಗಲಿಲ್ಲ. ತನ್ನ ಎಲ್ಲೆಯನ್ನು ತಿಳಿದಿರುವುದೂ ಈ ವಿದ್ಯೆಯ ಒಂದು ಭಾಗವೇ.

೭. ದುರಸ್ತಿಯ ಮಾತು

ಮೇಲಣ ವಿವರಗಳಲ್ಲಿ ಬಂದ ಮಾತುಗಳನ್ನು ಭಾಷೆಯ ದೃಷ್ಟಿಯಿಂದ ಪರಿಶೀಲಿಸಿದರೆ ಗಮನಾರ್ಹವಾದ ಒಂದು ನಿಯಮವು ಗೋಚರವಾಗುತ್ತದೆ. ಭಾಗಗಳ ಹೆಸರುಗಳು ಪ್ರಾಯಶಃ ಎಲ್ಲವೂ ಇಂಗ್ಲಿಷಿನಿಂದ ಬಂದುವು. ಆದರೆ ಅವು ಬಂದ ಹಾಗೆಯೇ ಉಳಿಯಲಿಲ್ಲ. ಹ್ರಸ್ವಸ್ವರದ ಮುಂದೆ ಕೊನೆಯಾಗುವ ವ್ಯಂಜನವು ದ್ವಿತ್ವವಾಗಿ ಉಕಾರವನ್ನು ಪಡೆಯುತ್ತದೆ: ಪ್ಲಗ್ಗು, ಜೆಟ್ಟು, ನಟ್ಟು, ಕ್ಲಚ್ಚು, ಡ್ರಮ್ಮು. ದೀರ್ಘಸ್ವರವೋ ಸಂಧ್ಯಕ್ಷರವೋ ಇದ್ದರೆ ದ್ವಿತ್ವವಿಲ್ಲದೆ ಉಕಾರ ಮಾತ್ರ ಬರುತ್ತದೆ: ಬ್ರೇಕು, ಗೇರು, ಚೈನು. ಅನಂತರ ‘ಪ್ಲಗ್ಗಿನ, ಬ್ರೇಕಿಗೆ, ಜೆಟ್ಟಿನಲ್ಲಿ’ ಎಂದು ವಿಭಕ್ತಿಗಳು ಅನಾಯಾಸವಾಗಿ ಹತ್ತುತ್ತವೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದ ಬಾಯಿಗೆ ಹೊಂದಿಕೊಂಡ ಬಗೆಯನ್ನು ಸೂತ್ರಿಸಿದನು. ಅಂಥದೇ ವ್ಯಾಪಾರವು ಇಪ್ಪತ್ತನೆಯ ಶತಮಾನದಲ್ಲಿ, ಯಾವ ಪಂಡಿತನ ನೆರವೂ ಇಲ್ಲದೆ, ರಿಪೇರಿಯ ಅಂಗಡಿಯ ಮುಂದೆ ನಡೆಯಿತು.

ಕ್ರಿಯ��ಪದಗಳ ಸಂಗತಿ ಬೇರೆ. ಅವುಗಳಲ್ಲಿ ಬಹುತೇಕ ಅಚ್ಚಗನ್ನಡದವು. ಗಾಡಿ ಎಳೆಯುತ್ತದೆ, ಪೆಟ್ರೋಲು ಕುಡಿಯುತ್ತದೆ, ಹೊಗೆ ಉಗುಳುತ್ತದೆ, ಲೈನರು ಸವೆಯುತ್ತದೆ, ಜೆಟ್ಟು ಕಟ್ಟುತ್ತದೆ. ‘ಎಳೆ’ ಎಂಬುದು ಎತ್ತಿನಿಂದ ಬಂದಿತು. ‘ಕುಡಿ’ ಎಂಬುದು ಪ್ರಾಣಿಯಿಂದ. ‘ಕಟ್ಟು’ ಎಂಬುದು ಮೂಗಿನಿಂದಲೋ ಕಾಲುವೆಯಿಂದಲೋ. ಒಟ್ಟು ಯಂತ್ರಕ್ಕೆ ಸಲ್ಲುವ ‘ಗಾಡಿ’ ಎಂಬ ಹೆಸರೇ ಎತ್ತಿನ ಗಾಡಿಯಿಂದ ಇಳಿದುಬಂದುದು. ಇವುಗಳಲ್ಲೆಲ್ಲ ‘ಹಿಡಿ’ ಎಂಬ ಧಾತುವು ವಿಶೇಷವಾದುದು. ಬ್ರೇಕು ಹಿಡಿಯುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ, ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಮೊದಲನೆಯದು ಗುಣ; ಉಳಿದ ಮೂರೂ ದೋಷ. ಬ್ರೇಕು ಹಿಡಿಯಬೇಕು, ಪಿಸ್ಟನ್ನು ಹಿಡಿಯಬಾರದು. ಯಾವುದು ಯಾವುದನ್ನು ಹಿಡಿಯಿತೆಂಬುದನ್ನು ತಿಳಿದರೆ ರೋಗದ ಅರ್ಧಭಾಗವು ತಿಳಿದಂತೆಯೇ.

ಇದರಿಂದ ಹೊರಡುವ ನಿರ್ಣಯವಿದು: ಹೆಸರುಗಳು ಯಂತ್ರದೊಡನೆ ಹೊರಗಿನಿಂದ ಬಂದುವು, ತಿಳಿವಳಿಕೆಯು ನಾಡಿನ ಕ್ರಿಯಾಪದಗಳಲ್ಲಿ ನೆಲೆಗೊಂಡಿತು. ಭಾಗವನ್ನು ಗುರುತಿಸುವುದಕ್ಕೆ ನಾಮಪದ ಸಾಕು. ದೋಷವನ್ನು ಗುರುತಿಸುವುದಕ್ಕೆ ಕ್ರಿಯಾಪದ ಬೇಕು. ದುರಸ್ತಿಯೆಂಬುದು ದೋಷವನ್ನು ಗುರುತಿಸುವ ವಿದ್ಯೆ. ಆದುದರಿಂದ ಪಾರಿಭಾಷಿಕ ಪದಕೋಶಗಳನ್ನು ರಚಿಸುವವರು ನಾಮಪದಗಳಿಗೆ ಸಂಸ್ಕೃತದ ಸಮಾನಪದಗಳನ್ನು ಹುಡುಕುವುದರಲ್ಲಿಯೇ ಶ್ರಮವನ್ನು ವ್ಯಯಮಾಡಿದರೆ ಮುಖ್ಯವಾದ ಭಾಗವು ಕೈಬಿಟ್ಟುಹೋಗುತ್ತದೆ.

೮. ಒಂದು ಆಕ್ಷೇಪಣೆಗೆ ಸಮಾಧಾನ

ಯಂತ್ರದ ದುರಸ್ತಿಯು ಸಾಹಿತ್ಯದ ವಿದ್ವಾಂಸರ ಗಮನಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದಾಗಿ, ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯಬೇಕೆಂಬ ಹಂಬಲವು ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಪ್ರಾರಂಭಿಸಿದ್ದರು. ಭಾಷೆಯು ಎಲ್ಲ ಕೆಲಸಗಳಿಗೂ ಒದಗಬೇಕೆಂಬುದು ಅವರಂಥವರ ಆಶಯ.

ಎರಡನೆಯ ಉತ್ತರವು ಈ ಪ್ರದೇಶಕ್ಕೇ ಸಂಬಂಧಿಸಿದುದು. ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ ಸಿದ್ಧಪ್ಪಾಜಿಯು ಹಲಗೂರಿನ ಪಾಂಚಾಳರಲ್ಲಿಗೆ ಹೋಗಿ ಕಬ್ಬಿಣದ ಭಿಕ್ಷೆಯನ್ನು ಬೇಡುವ ಪ್ರಸಂಗವು ಕಾವ್ಯದ ಪ್ರಧಾನ ಘಟನೆಗಳಲ್ಲೊಂದು. ಕಬ್ಬಿಣದ ಕೆಲಸವು ಮಹಾಕಾವ್ಯದ ವಸ್ತುವಾಗಬಲ್ಲುದೆಂಬುದನ್ನು ಇಲ್ಲಿಯ ಜನ ಎಂದೋ ಒಪ್ಪಿಕೊಂಡಿದ್ದಾರೆ. ಆ ಕಾವ್ಯವು ಬಹುಕಾಲ ಬಾಯಿಂದ ಬಾಯಿಗೆ ಬಂದು, ಇಪ್ಪತ್ತನೆಯ ಶತಮಾನದಲ್ಲಿ ಜಾನಪದ ವಿದ್ವಾಂಸರ ಪ್ರಯತ್ನದಿಂದ ಬರಹಕ್ಕೆ ಇಳಿಯಿತು. ದುರಸ್ತಿಯ ವಿದ್ಯೆಯೂ ಮೌಖಿಕ ಪರಂಪರೆಯದೇ: ತಂದೆಯಿಂದ ಮಗನಿಗೆ, ಅಂಗಡಿಯ ಗುರುವಿನಿಂದ ಹುಡುಗನಿಗೆ, ಕೈಯಿಂದ ಕೈಗೆ ಸಾಗಿಬಂದುದು. ಹಾಡಿಗೆ ಕೂಡಿಬಂದ ಬರಹದ ಭಾಗ್ಯವು ಇದಕ್ಕೆ ಇನ್ನೂ ತಕ್ಕಷ್ಟು ಕೂಡಿಬಂದಿಲ್ಲ.

೯. ಉಪಸಂಹಾರ

ಈ ವಿದ್ಯೆಯ ನೆಲವು ಈಗ ಕಿರಿದಾಗುತ್ತಿದೆ. ೧೨೫ ಸಿ.ಸಿ.ಗಿಂತ ದೊಡ್ಡ ಹೊಸ ದ್ವಿಚಕ್ರ ವಾಹನಗಳಲ್ಲಿ ಚಕ್ರವು ಜಾಮಾಗದಂತೆ ತಡೆಯುವ ವಿದ್ಯುನ್ಮಾನ ಬ್ರೇಕು ಇರತಕ್ಕದ್ದೆಂಬ ನಿಯಮವು ೨೦೧೯ರ ಏಪ್ರಿಲ್ ವೇಳೆಗೆ ಪೂರ್ಣವಾಗಿ ಜಾರಿಗೆ ಬಂದಿತು. ೨೦೨೦ರ ಏಪ್ರಿಲ್‌ನಿಂದ ಹೊಗೆಯ ಮಿತಿಯು ಮತ್ತಷ್ಟು ಬಿಗಿಯಾದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಗಿ, ಗಣಕದ ಆಜ್ಞೆಯಂತೆ ಪೆಟ್ರೋಲನ್ನು ಚಿಮ್ಮುವ ಸಾಧನವು ಅದರ ಸ್ಥಾನಕ್ಕೆ ಬಂದಿತು. ಜಾವಾ ಎಂಬ ಹೆಸರು ೨೦೧೮ರಲ್ಲಿಯೂ ಯೆಜ್ಡಿ ಎಂಬ ಹೆಸರು ೨೦೨೨ರಲ್ಲಿಯೂ ಬೇರೊಂದು ಕಂಪೆನಿಯ ಮೂಲಕ ಮರಳಿ ಮಾರುಕಟ್ಟೆಗೆ ಬಂದುವು; ಆದರೆ ಅವುಗಳ ಎಂಜಿನ್ನು ನಾಲ್ಕು ಹೊಡೆತದ್ದು, ಅವು ತಯಾರಾದುದು ಮಧ್ಯಪ್ರದೇಶದಲ್ಲಿ. ಹೆಸರು ಹಳೆಯದು, ಯಂತ್ರ ಹೊಸದು.

ಈ ಬದಲಾವಣೆಯನ್ನು ಕೇವಲ ನಷ್ಟವೆಂದು ಶೋಕಿಸುವುದು ನ್ಯಾಯವಲ್ಲ. ಎರಡು ಹೊಡೆತದ ಎಂಜಿನ್ನಿನಲ್ಲಿ ಮಿಶ್ರಣದ ಒಂದು ಭಾಗವು ಸುಡದೆಯೇ ಹೊಗೆಯೊಡನೆ ಹೊರಗೆ ಹೋಗುತ್ತದೆ. ಅದರಿಂದ ಊರಿನ ಗಾಳಿಗೆ ಹಾನಿಯುಂಟು. ಹೊಸ ಬ್ರೇಕು ಅನೇಕರ ಪ್ರಾಣವನ್ನು ಉಳಿಸತಕ್ಕದ್ದು. ಆದರೆ ಇವುಗಳಲ್ಲಿ ದೋಷವನ್ನು ಹೇಳುವುದು ಕಣ್ಣು, ಕಿವಿ, ಕೈಗಳಲ್ಲ. ಕಂಪೆನಿಯ ಪರೀಕ್ಷಾಯಂತ್ರವು ತೋರಿಸುವ ಸಂಕೇತಾಂಕ. ಸಂಕೇತಾಂಕಕ್ಕೆ ಕ್ರಿಯಾಪದ ಬೇಕಾಗಿಲ್ಲ. ಪ್ಲಗ್ಗಿನ ತುದಿಯ ತಿಳಿಗಂದು ಬಣ್ಣವನ್ನು ಗುರುತಿಸಬಲ್ಲ, ಚಕ್ರವನ್ನು ತಿರುಗಿಸಿ ಷೂ ಉಜ್ಜುವ ಸದ್ದನ್ನು ಕೇಳಬಲ್ಲ ತಲೆಮಾರು ಮುಗಿದರೆ ಅದರೊಡನೆ ಆ ಅರ್ಥಗಳಲ್ಲಿ ಪಳಗಿದ ಮಾತೂ ಮುಗಿಯುತ್ತದೆ. ಎಣ್ಣೆ ಗಾಣ ನಿಂತಾಗ, ಏತ ನಿಂತಾಗ ಅವುಗಳ ಭಾಗಗಳ ಹೆಸರುಗಳಲ್ಲಿ ಕೆಲವು ನಿಘಂಟುಗಳಲ್ಲಿ ಉಳಿದುವು. ಅವು ಕೆಟ್ಟಾಗ ಜನರು ಆಡುತ್ತಿದ್ದ ಮಾತುಗಳು ಎಷ್ಟೋ ಅಳಿದುಹೋದುವು.

ಆದಕಾರಣ ಮಾಡಬೇಕಾದ ಕೆಲಸವು ಸ್ಪಷ್ಟವಾಗಿದೆ. ತೆರಕಣಾಂಬಿ, ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು ಮೊದಲಾದ ಊರುಗಳಲ್ಲಿ ಇಂಥ ಗಾಡಿಗಳನ್ನು ಮನೆಯಲ್ಲಿಯೇ ಸರಿಪಡಿಸಿಕೊಂಡು ಬಂದವರ ಮಾತನ್ನು, ಅವರು ಕೆಲಸಮಾಡುತ್ತಿರುವಾಗಲೇ, ಧಾತು ಧಾತುವಾಗಿ ಸಂಗ್ರಹಿಸಬೇಕು. ಪ್ರತಿಯೊಂದು ಕ್ರಿಯಾಪದದ ಎದುರಿಗೆ ಅದು ಸೂಚಿಸುವ ದೋಷ, ಆ ದೋಷದ ಗುರುತು, ಅದಕ್ಕೆ ಮಾಡುವ ಪರಿಹಾರ, ಮನೆಯ ಎಲ್ಲೆ ಎಲ್ಲಿ ಮುಗಿಯುತ್ತದೆಂಬ ವಿವರ, ಇವನ್ನು ದಾಖಲುಮಾಡಬೇಕು. ಭಾಷೆಯನ್ನು ಕಲಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಅವರವರ ಊರಿನಲ್ಲಿಯೇ ಇದನ್ನು ಮಾಡಿಸುವುದು ಸುಲಭ. ಇದಕ್ಕೆ ದೊಡ್ಡ ವೆಚ್ಚವೂ ಬೇಕಾಗಿಲ್ಲ. ಮೈಸೂರಿನ ಕಾರ್ಖಾನೆಯು ಕೊಟ್ಟ ಗಾಡಿಯನ್ನು ಪಾಲಿಸಿಕೊಂಡು ಬಂದವರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ. ಅವರ ಮಾತನ್ನು ಪಾಲಿಸುವ ಭಾರವು ವಿದ್ವಾಂಸರಿಗೆ ಸೇರಿದುದು.